ಪ್ರೊಹಾಸ್ಕನ ಸಿಟ್ಟು
ಅಮೆರಿಕದ ಅಯೋವಾದ ಒಂದು ಸಣ್ಣ ಊರಿನ ಬೇಸ್‌ಬಾಲ್ ತಂಡದ ಮ್ಯಾನೇಜರ್ ಪ್ರೊಹಾಸ್ಕನಿಗೆ ಸೂರ್ಯಕಾಂತಿ ಬೀಜ ಅಗಿಯದಿದ್ದರೆ ಆಟವೇ ಕಾಣಿಸುತ್ತಿರಲಿಲ್ಲ. ಆಟ ಮುಗಿಯುವ ಹೊತ್ತಿಗೆ ಅವನ ಬೂಟುಗಳು ಸಿಪ್ಪೆಯಲ್ಲಿ ಹೂತಿರುತ್ತಿದ್ದವು. ಗೆದ್ದರೆ “ಸ್ನಾನ ಮಾಡ್ರೋ, ನಾತ ಹೊಡೀತೀರ” ಎನ್ನುತ್ತಿದ್ದ, ಸೋತರೂ ಅದನ್ನೇ. ಚೆಂಡೆಸೆಯುವವನು ಕಂಗೆಟ್ಟರೆ ಕುಂಟುತ್ತ ಅವನ ಬಳಿ ಹೋಗಿ, ಆಟದ ಸುದ್ದಿಯನ್ನೇ ಎತ್ತದೆ, “ನಿಮ್ಮಮ್ಮನ ಮಂಡಿನೋವು ಹೇಗಿದ್ಯೋ?” ಎಂದಷ್ಟೇ ಕೇಳಿ ಬರುತ್ತಿದ್ದ. ಅಂಪೈರುಗಳ ಮುಂದೆ ಮಾತ್ರ ಮೈಮೇಲೆ ಬಂದವನಂತೆ ಟೋಪಿ ಬಡಿದು, ಮಣ್ಣು ಒದ್ದು, ವರ್ಷಕ್ಕೆ ಹತ್ತು ಸಲವಾದರೂ ಮೈದಾನದಿಂದ ಹೊರಗೆ ಹಾಕಿಸಿಕೊಳ್ಳುತ್ತಿದ್ದ. “ಯಜಮಾನ್ರಿಗೆ ತಲೆ ಕೆಟ್ಟಿದೆ” ಎಂದು ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಬ್ಯಾಟುಗಾರ ಲೂಥರ್. ಅವನ ಅಪ್ಪ ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಮೊದಲ ಸಲ ಮಗನ ಆಟ ನೋಡಲು ಬಂದ ದಿನ, ಲೂಥರ್ ಔಟಾದ ಸಿಟ್ಟಿಗೆ ಅಂಪೈರನ ಮೇಲೆ ಎಗರಾಡಿದ. ಬೇಸ್‌ಬಾಲಿನಲ್ಲಿ ಔಟಾದವನಿಗೂ ಮತ್ತೆ ಸರದಿ ಬರುತ್ತದೆ, ಆದರೆ ಇನ್ನೊಂದು ಮಾತಾಡಿದ್ದರೆ ಲೂಥರ್‌ನನ್ನು ಇಡೀ ಆಟದಿಂದಲೇ ಹೊರಗಟ್ಟುತ್ತಿದ್ದರು. ಅಷ್ಟರಲ್ಲಿ ಪ್ರೊಹಾಸ್ಕ ನಡುವೆ ನುಗ್ಗಿ, ಟೋಪಿ ನೆಲಕ್ಕೆ ಬಡಿದು, ಅಂಪೈರನ ಬೂಟಿನ ಮೇಲೆ ಮಣ್ಣು ಒದ್ದು, ಕೈ ಬೀಸಿ ಕುಣಿದಾಡಿದ. ಜನ ಕೇಕೆ ಹಾಕಿದರು. ಬೆನ್ನ ಹಿಂದೆಯೇ ನಿಂತಿದ್ದ ಲೂಥರ್‌ಗೆ ಮಾತ್ರ ಪ್ರೊಹಾಸ್ಕನ ಮೆಲುದನಿ ಕೇಳಿಸಿತು: “ನೀವು ಹೇಳಿದ್ದೇ ಸರಿ ಸ್ವಾಮಿ, ಅದು ಔಟೇ. ಅವರಪ್ಪ ಬಂದಿದ್ದಾರೆ. ನನ್ನ ಆಚೆ ಹಾಕಿ, ಹುಡುಗ ಆಡ್ಲಿ.” ಆ ವರ್ಷ ಯಜಮಾನ ಹೊರಹೋದ ಹತ್ತು ಸಲದಲ್ಲಿ ನಾಲ್ಕು ಸಲ ಹೀಗೆ ತಾನು ಅಂಪೈರನೊಡನೆ ಜಗಳಕ್ಕಿಳಿದಾಗಲೇ ಎಂಬುದು ಆಗ ನೆನಪಾಗಿ, ಲೂಥರ್ ಬಗ್ಗಿ, ನೆಲದ ಮೇಲಿದ್ದ ಆ ಟೋಪಿಯನ್ನೆತ್ತಿ ಮಣ್ಣು ಕೊಡವತೊಡಗಿದ.