ಗಿಣ್ಣು ಹಂಚಿದ ಇಂಗ್ಲಿಷ್ ಮೇಷ್ಟ್ರು

ಚಿಕ್ಕಸ್ವಾಮಿ ಸತ್ತು ತಿಂಗಳಾಯಿತು. ಬೂಕನಕೆರೆಯಲ್ಲಿ ನನ್ನ ಜೊತೆ ಓದಿ, ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಊರಿಗೇ ಬಂದವನು. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಪಾಂಡವಪುರದ ಖಾಸಗಿ ಕಾಲೇಜೊಂದಕ್ಕೆ ಪಾಠ ಮಾಡಲು ಹೋಗುತ್ತಿದ್ದ. ವರ್ಷ ವರ್ಷವೂ ಹಂಗಾಮಿ. ಕೆಲಸ ಕಾಯಂ ಆಗಬೇಕು, ಅವನಿಗೆ ಬೇಕಿದ್ದದ್ದು ಅದೊಂದೇ.

ಅವನಿಗೆ ಬಲು ಇಷ್ಟವಾದ ಪದವೊಂದಿತ್ತು: ‘ಬ್ಯೂಕಾಲಿಕ್’. ಹಳ್ಳಿಯ ನೆಮ್ಮದಿಯ ಬದುಕನ್ನು ಹೊಗಳಲು ಇಂಗ್ಲಿಷಿನವರು ಬಳಸುವ ಮಾತು. ಮೂಲ ಗ್ರೀಕಿನದು. ‘ಬೂಸ್’ ಅಂದರೆ ದನ; ದನ ಕಾಯುವವನು ‘ಬೂಕೊಲೊಸ್’. ಅಲ್ಲಿಂದ ಲ್ಯಾಟಿನ್ನಿಗೆ, ಆಮೇಲೆ ಇಂಗ್ಲಿಷಿಗೆ.

“ದನ ಕಾಯೋರ ಹಾಡು ಅಂತ ಬರೆದೋರೆಲ್ಲ ಪಟ್ಣದಲ್ಲಿ ಕೂತೋರು ಕಣ್ಲಾ. ಒಂದಿನ ಸಗಣಿ ಬಾಚಿದ್ರೆ ಗೊತ್ತಾಯ್ತಿತ್ತು ನೆಮ್ಮದಿ” ಎಂದು ನಗುತ್ತಿದ್ದ.

ತೊಂಬತ್ತಾರರಲ್ಲಿ ಕಾಲೇಜಿನ ಕಾಯಂ ಹುದ್ದೆಗೆ ಸಂದರ್ಶನ ಕರೆದರು. ಅದೇ ವಾರ ಅವನ ಹಸು ಕರು ಹಾಕಿತು. ನಮ್ಮಲ್ಲಿ ಕರು ಹಾಕಿದ ಹಸುವಿನ ಮೊದಲ ಹಾಲನ್ನು ಮಾರುವುದಿಲ್ಲ. ಗಿಣ್ಣು ಮಾಡಿ ಬೀದಿಯ ಮನೆಮನೆಗೂ ಕೊಡುತ್ತೇವೆ. ಕಾಲೇಜಿನ ಕಾರ್ಯದರ್ಶಿಯ ಮನೆಯೂ ಅದೇ ಬೀದಿಯಲ್ಲಿತ್ತು.

“ಆ ಮನೇಗೆ ಬ್ಯಾಡ ಕಣ್ಲಾ, ಇಂಟರ್ವ್ಯೂ ಮುಗೀಲಿ” ಅಂದೆ.

“ಬೀದಿಗೆಲ್ಲ ಕೊಟ್ಟು ಅದೊಂದು ಮನೆ ಬುಟ್ರೆ ಏನಂದ್ಕಂಡಾರ್ಲಾ? ಅವ್ರವ್ವ ನನ್ನ ಎತ್ತಾಡ್ಸವ್ರೆ.”

ಅವನ ಹೆಂಡತಿ ಸೋಮಮ್ಮ ಕೊಟ್ಟು ಬಂದಳು. ಪಾತ್ರೆ ಬರಿದು ಕಳಿಸಬಾರದೆಂದು ಅವರೂ ತಳದಲ್ಲಿ ಸಕ್ಕರೆ ಹಾಕಿಯೇ ಹಿಂತಿರುಗಿಸಿದ್ದರು.

ಸಂದರ್ಶನದಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ. ಮೈಸೂರಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಇಷ್ಟದ ಪದವೊಂದನ್ನು ವಿವರಿಸಿ ಎಂದರಂತೆ. ಇವನು ದನ, ದನಗಾಹಿ, ಗ್ರೀಸು ಎಂದು ಉತ್ಸಾಹದಿಂದ ಹೇಳುತ್ತಾ ಹೋದ. ಅವರು ತಲೆದೂಗಿದರು. ಆಗ ಕಾರ್ಯದರ್ಶಿ ಬಾಯಿ ಹಾಕಿದ.

“ಓಹೋ, ಅದ್ಕೇ ನಮ್ಮನೇಗೆ ಗಿಣ್ಣು ಕಳ್ಸಿದ್ರಾ ಮೇಷ್ಟ್ರೇ? ಕಾಯಂ ಆಗ್ಲಿ ಅಂತ?”

ಎಲ್ಲರೂ ನಕ್ಕರು. ಪರೀಕ್ಷಕರು ಮಾತ್ರ ನಗದೆ ಪೆನ್ನು ಕೆಳಗಿಟ್ಟರು. ಬೀದಿಗೆಲ್ಲ ಕೊಟ್ಟದ್ದು ಎಂದು ಇವನು ಹೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಹುದ್ದೆ ಕಾರ್ಯದರ್ಶಿಯ ಷಡ್ಡಕನ ತಮ್ಮನಿಗೆ ಹೋಯಿತು.

ಚಿಕ್ಕಸ್ವಾಮಿ ಮತ್ತೆ ಹಂಗಾಮಿಯಾಗಿಯೇ ಮುಂದುವರಿದ. ಬಿಟ್ಟುಬಿಡು ಎಂದರೆ, “ಬುಟ್ಟು ಎಲ್ಲಿಗೆ ಓಗ್ಲಿ? ಮುಂದಿನ ಸಲ ಆಯ್ತದೆ” ಅನ್ನುತ್ತಿದ್ದ. ಆ ಮುಂದಿನ ಸಲ ಬರಲೇ ಇಲ್ಲ. ಹೋದ ತಿಂಗಳು ತರಗತಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಬಸ್‌ಸ್ಟಾಂಡಿನ ಪಕ್ಕದ ಡಾಕ್ಟರ ಹತ್ತಿರ ತಲುಪಿಸುವಷ್ಟರಲ್ಲಿ ಮುಗಿದಿತ್ತು.

ಕಾಲೇಜಿನಲ್ಲಿ ಸಂತಾಪ ಸಭೆ ಮಾಡಿದರು. ಸೋಮಮ್ಮನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಕಾರ್ಯದರ್ಶಿ ಮೈಕು ಹಿಡಿದ.

“ಚಿಕ್ಕಸ್ವಾಮಿಯವರು ಸಂತೃಪ್ತ ಜೀವಿ. ಹಳ್ಳಿ, ಹಸು, ಇಷ್ಟರಲ್ಲೇ ಸುಖ ಕಂಡವರು. ಏನನ್ನೂ ಬಯಸಿದವರಲ್ಲ.”

ಸೋಮಮ್ಮ ಕೂತಲ್ಲಿಂದಲೇ ಹೇಳಿದಳು, “ಬಯಸಿದ್ರು ಕಣಣ್ಣ. ನಿಮ್ಮನ್ನೇ ಕೇಳಿದ್ರು.”

ಕಾರ್ಯದರ್ಶಿ ಕೈಗಡಿಯಾರ ನೋಡಿಕೊಂಡು, ಈಗ ಒಂದು ನಿಮಿಷ ಮೌನ ಆಚರಿಸೋಣ ಎಂದ. ಎಲ್ಲರೂ ಎದ್ದು ನಿಂತರು.