ನಿಂಬೆವ್ವನ ಬೆಳ್ಳಿ ನಾಣ್ಯ

"ಲಾಡ್ಲೆಸಾಬಣ್ಣ, ಕುಂತಲ್ಲಿ ಕುಂದ್ರಾಕ ಆಗವಲ್ದು, ನಿಂತಲ್ಲಿ ನಿಂದ್ರಾಕ ಆಗವಲ್ದು ನನಗ. ಜ್ವಾಳದ ಚೀಲದಾಗ ಇಟ್ಟೆ, ಇಲಿ ಒಯ್ದೀತು ಅನಿಸ್ತು. ತಲಿದಿಂಬಿನಾಗ ಹೊಲದೆ, ಕಿವಿಗಿ ಒತ್ತಾಕತ್ತು. ಮೈಮ್ಯಾಲ ಹಾಕ್ಕೊಂಡಿದ್ದೆಲ್ಲ ಅತ್ತಿ ಕೊಟ್ಟದ್ದು, ಇಲ್ಲಾ ತವರವರು ಕೊಟ್ಟದ್ದು. ಇದೊಂದು ನನ್ನ ಹೆಸರು ಕೂಗಿ ನನ್ನ ಕೈಯಾಗ ಇಟ್ಟದ್ದು. ನಾಳಿಗಿ ಮೈದುನನ ಕೂಡ ಮನಿ ಪಾಲಾಗ್ತದ. ಹೆಸರಿಲ್ಲದ್ದೆಲ್ಲ ಪಾಲಿನ ರಾಶಿಗಿ ಬೀಳ್ತದ. ಲಗೂನ ಇದಕ್ಕ ಹೆಸರು ಹಾಕು, ನಾ ನೀರ ತುಂಬಿ ಬರ್ತೇನಿ."

ಹೀಗೆಂದು ನಾಣ್ಯವನ್ನು ಅವನ ಮುಂದೆ ಇಟ್ಟು, ಮಾತು ಮುಗಿಯುವ ಮೊದಲೇ ಓಡಿದವಳು ಆಳಂದದ ಕೋರ್ಟಿನಲ್ಲಿ ನೀರು ಹೊರುವ ವಿಧವೆ ನಿಂಬೆವ್ವ. ಸಂವಿಧಾನಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು ಎಪ್ಪತ್ತೈದರ ಜನವರಿಯಲ್ಲಿ ವಕೀಲರು ಬೆಳ್ಳಿ ನಾಣ್ಯ ಹೊಡೆಸಿದ್ದರು. ಒಂದು ಬದಿ ಕಾಯ್ದೆಯ ಪುಸ್ತಕ, ಇನ್ನೊಂದು ಬದಿ ತಕ್ಕಡಿ. ದೊಡ್ಡವರಿಗೆಲ್ಲ ಕೊಟ್ಟ ಮೇಲೆ, ನಮಗೆ ನೀರು ಕುಡಿಸಿದ ಕೈಯಿದು ಎಂದು ಅವಳಿಗೂ ಒಂದು ಕೊಟ್ಟರು. ಊರೆಲ್ಲ ನೋಡಿತ್ತು, ಮುಚ್ಚಿಡುವಂತಿರಲಿಲ್ಲ.

ಲಾಡ್ಲೆಸಾಬ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೊಡ, ತಂಬಿಗೆಗಳಿಗೆ ಹೆಸರು ಕೊರೆಯುವವನು. ನಿಂಬೆವ್ವ ತಿರುಗಿ ಬಂದು ನಾಣ್ಯ ನೋಡಿದಳು. ಓದು ಬಾರದವಳಾದರೂ ಹಂಡೆ ತಿಕ್ಕಿ ತಿಕ್ಕಿ ಆ ಅಕ್ಷರಗಳ ಗುರುತು ಕೈಗೇ ಇತ್ತು.

"ಇದು ನಮ್ಮ ಹಂಡೇದ ಮ್ಯಾಲಿನ ಹೆಸರಲ್ಲೇನೋ?"

"ಹೌದಲ್ಲ ಬೇ, ಮುಗಳಿಯವರ ಮನಿ. ನಿಮ್ಮ ಭಾಂಡೆಕ್ಕೆಲ್ಲ ಅದನ್ನೇ ಹಾಕೋತ ಬಂದೇನಿ, ಕೈ ತಾನೇ ಹೋತು."

"ಮನಿ ಹೆಸರು ಅಂದ್ರ ಮೈದುನನೂ ಪಾಲು ಕೇಳ್ತಾನೋ! ಕೆರೆದು ತೆಗಿ."

"ಕೆರೆದ್ರ ಕದ್ದ ಮಾಲು ಅಂತಾರ. ಆಗ ಎಲ್ಲಿಗಿ ಹೋಗ್ತಿ?"

ನಿಂಬೆವ್ವ ನಾಣ್ಯ ಕಸಿದುಕೊಂಡು ಮನೆಯ ಹಾದಿ ಹಿಡಿದಳು.

ಮರುದಿನ ಪಾಲು ಮಾಡಿಸಲು ಮಟಕಿ ಊರಿನಿಂದ ಬಳಗದ ಹಿರಿಯ ದೌಲತರಾಯ ಬಂದ. ಮನೆ, ಹಿತ್ತಾಳೆ, ತಾಮ್ರ ಹಂಚಿ ಆಯಿತು. ಬೆಳ್ಳಿಯ ಸರದಿ ಬಂತು: ಅತ್ತೆಯ ಕಾಲಗಡಗ, ಒಂದು ಬಟ್ಟಲು, ಒಂದು ದೀಪ. ದೌಲತರಾಯ ನಿಂಬೆವ್ವ ಮುಂದಿಟ್ಟ ನಾಣ್ಯವನ್ನು ಹೊರಳಿಸಿ ಹೆಸರು ಓದಿ, "ಮನಿದು ಇದು" ಎಂದು ಅವುಗಳ ಜತೆಗೇ ಇಟ್ಟ.

"ಹಿರೇತನ ನಿಂದು, ಎರಡು ಪಾಲು ಹಾಕು ಬೇ ನಿಂಬೆವ್ವ. ಸಣ್ಣವ ಮೊದಲ ಒಂದು ಆರಿಸ್ಕೋತಾನ, ಉಳದದ್ದು ನಿಂದು."

ಎರಡೂ ಕಡೆ ತೂಕ ಸರಿ ಮಾಡಿದರೆ ನಾಣ್ಯ ಯಾರಿಗೆ ಹೋಗುವುದೋ ಯಾರು ಬಲ್ಲರು? ನಿಂಬೆವ್ವ ಕಡಗ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕೊನೆಗೆ ಕಡಗ, ಬಟ್ಟಲು, ದೀಪ ಮೂರನ್ನೂ ಒಂದು ಕಡೆ ಸರಿಸಿ, ಇನ್ನೊಂದು ಕಡೆ ನಾಣ್ಯವೊಂದನ್ನೇ ಇಟ್ಟಳು.

"ತಲಿ ನೆಟ್ಟಗ ಅದ ಇಲ್ಲ?" ಎಂದ ದೌಲತರಾಯ.

ಮೈದುನ ಶಿವರಾಯನ ಕೈ ಕಡಗದ ಕಡೆ ಹೋದದ್ದು ನಡುವೆ ನಿಂತಿತು. "ವೈನಿ ಕಡಗ ಸುಮ್ಮ ಬಿಡಾಕಿ ಅಲ್ಲ. ಕೋರ್ಟಿನ ನೀರ ಕುಡದಾಳ. ಇದರಾಗ ಏನೋ ಅದ." ನಾಣ್ಯ ಎತ್ತಿ ಕಚ್ಚಿದ, ಕಲ್ಲಿನ ಮೇಲೆ ಬಡಿದು ಸಪ್ಪಳ ಕೇಳಿದ. ನಿಂಬೆವ್ವ ಗೋಡೆ ನೋಡುತ್ತ ಕುಳಿತಳು. ನಾಣ್ಯದತ್ತ ಕಣ್ಣು ಹೊರಳಿದರೆ ಕೆಟ್ಟಳು.

ಅವನ ಹೆಂಡತಿ ಶಿವಕಾಂತಾಗೆ ತಡೆಯಲಾಗಲಿಲ್ಲ. "ಪುಸ್ತಕದ ಚಿತ್ರ ಕಾಲಾಗ ಹಾಕ್ಕೊಂಡು ತಿರಗ್ಲೇನು ನಾ? ಕಡಗ ತಗೋರಿ, ನಿಮ್ಮವ್ವಂದು!"

ಶಿವರಾಯ ನಾಣ್ಯ ಕೆಳಗಿಟ್ಟು ಕಡಗದ ಪಾಲು ಎಳೆದುಕೊಂಡ.

ನಿಂಬೆವ್ವ ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಗಂಟು ಸಡಿಲ ಅನ್ನಿಸಿ ಬಿಚ್ಚಿ ಮತ್ತೆ ಹಾಕಿದಳು. ಶಿವಕಾಂತಾ ಆಗಲೇ ಕಡಗ ತೊಟ್ಟು ಅಂಗಳದಲ್ಲಿ ಅಡ್ಡಾಡುತ್ತಿದ್ದಳು. ಹಾಸಿಗೆ ಹಿಡಿದ ಅತ್ತೆಯ ಕಾಲು ಒತ್ತುವಾಗ ನಿಂಬೆವ್ವನ ಕೈಗೆ ತಾಗುತ್ತಿದ್ದವು ಅವೇ ಕಡಗ. ತಾನು ಮಾಡಿದ್ದು ಸರಿಯೋ ತಪ್ಪೋ?

"ಹೊಟ್ಟಿ ಹಸದದ ಬೇ," ಎಂದ ದೌಲತರಾಯ ಪಡಸಾಲೆಯಿಂದ.

ನಿಂಬೆವ್ವ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಜೋಳದ ಹಿಟ್ಟಿಗೆ ಕುದಿವ ನೀರು ಸುರಿದು ನಾದಿ, ಉಂಡೆ ಮಾಡಿ, ರೊಟ್ಟಿ ಬಡಿಯತೊಡಗಿದಳು.