ನೀರುಗಂಟಿಯ ಮೊದಲ ಲೋಟ

ಆತನ ಅಂಗಿಗಳಲ್ಲಿ ಒಂದಕ್ಕೂ ಪೂರ್ತಿ ಬಣ್ಣ ಉಳಿದಿರಲಿಲ್ಲ. ಎದೆ, ತೋಳು, ಹೊಟ್ಟೆಯ ಮೇಲೆಲ್ಲ ಬ್ಲೀಚಿಂಗ್ ಪೌಡರ್ ಸಿಡಿದು ಬಿಳಿ ಚುಕ್ಕೆಗಳಾಗಿದ್ದವು. ಬೆರಳ ತುದಿಗಳೂ ಬೆಳ್ಳಗೆ ಬಿರಿದು ಸಿಪ್ಪೆ ಏಳುತ್ತಿದ್ದವು. ಕುಂದಾಣದ ಕಡೆಯ ನಮ್ಮೂರಿನಲ್ಲಿ ಆತ ಬಹಳ ವರ್ಷ ಪಂಚಾಯಿತಿಯ ನೀರುಗಂಟಿಯಾಗಿದ್ದ. ಓವರ್‌ಹೆಡ್ ಟ್ಯಾಂಕ್ ತೊಳೆಯುವುದು, ಪೌಡರ್ ಹಾಕುವುದು, ವಾಲ್ವು ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು ಆತನ ಕೆಲಸ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ನನಗೆ ಆತನನ್ನು ಕಂಡರೆ ಆಗುತ್ತಿರಲಿಲ್ಲ.

ಕಾರಣ ಇತ್ತು. ಮದುವೆಯಾದ ಹೊಸದರಲ್ಲಿ ನಾನು ಕೊಳಾಯಿ ಪೈಪಿಗೆ ಮೋಟಾರ್ ಹಾಕಿ ನೀರು ಎಳೆಯುತ್ತಿದ್ದೆ. ಊರಲ್ಲಿ ಹತ್ತು ಮನೆಯವರು ಹಾಗೇ ಮಾಡುತ್ತಿದ್ದರು. ಆತ ಸೀದಾ ನಮ್ಮನೆಗೆ ನುಗ್ಗಿ, ನನ್ನ ಹೆಂಡತಿಯ ಕಣ್ಣೆದುರೇ ಮೋಟಾರ್ ಕಿತ್ತು ಹೆಗಲ ಮೇಲೆ ಹೊತ್ತುಕೊಂಡು, ಬೀದಿಯುದ್ದಕ್ಕೂ ನಡೆದು, ಪಂಚಾಯಿತಿ ಕಟ್ಟೆಯ ಮೇಲಿಟ್ಟ. ನನ್ನಿಂದಾಗಿ ಕೊನೆ ಮನೆಯ ಅಜ್ಜಿಗೆ ಒಂದು ಬಿಂದಿಗೆಯೂ ತುಂಬುತ್ತಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಮಾರನೆಯ ದಿನ ಮಿಕ್ಕ ಮನೆಗಳ ಮೋಟಾರುಗಳೂ ಅದೇ ಕಟ್ಟೆ ಸೇರಿದವು, ಅದು ಬೇರೆ ಮಾತು. ಮೊದಲು ಹೋದದ್ದು ನನ್ನ ಮಾನ. ಅಂದೇ ಆತನ ಜೊತೆ ಮಾತು ಬಿಟ್ಟೆ.

ನನ್ನ ಹಣೆಬರಹ ನೋಡಿ. ಕೆಲವು ವರ್ಷಗಳ ನಂತರ ದೇವನಹಳ್ಳಿಯಿಂದ ನಲ್ಲೂರಿಗೆ ಹೋಗುವ ದಾರಿಯ ಒಂದು ಶೆಡ್ಡಿನಲ್ಲಿ ನನಗೆ ಡ್ರೈವರ್ ಕೆಲಸ ಸಿಕ್ಕಿತು. ಅಲ್ಲಿ ಬಾಡಿಗೆಗೆ ಕೊಡುವ ಮೂರು ಕ್ಯಾರವಾನ್‌ಗಳಿದ್ದವು. ಹಾಸಿಗೆ, ಒಲೆ, ಕಕ್ಕಸು ಎಲ್ಲವೂ ಒಳಗೇ ಇರುವ ದೊಡ್ಡ ವ್ಯಾನುಗಳು. ಹಿಂದಿನ ಮಂಚದ ಕೆಳಗೆ ಕುಡಿಯುವ ನೀರಿನ ಟ್ಯಾಂಕು. ಆ ಟ್ಯಾಂಕುಗಳನ್ನು ನೋಡಿಕೊಳ್ಳಲು ಮಾಲೀಕರು ಯಾರನ್ನು ತಂದಿಟ್ಟಿದ್ದರು ಎಂದರೆ, ಆಗ ತಾನೇ ನಿವೃತ್ತನಾಗಿದ್ದ ಇದೇ ನೀರುಗಂಟಿಯನ್ನು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಆತ ನನ್ನ ಪೈಪನ್ನು ಕುಡುಗೋಲಿನಿಂದ ಎರಡು ತುಂಡು ಮಾಡಿದ. ಗಿಡಕ್ಕೆ ನೀರು ಹಾಯಿಸುವ ಹಸಿರು ಪೈಪಿನಲ್ಲಿ ನಾನು ಟ್ಯಾಂಕು ತುಂಬಿಸುತ್ತಿದ್ದೆ, ಅದೇ ತಪ್ಪು. ಕುಡಿಯುವ ನೀರಿಗೆ ಬೇರೆಯದೇ ಬಿಳಿ ಪೈಪು ಇತ್ತು. ಅದರ ಬಾಯಿಗೆ ಪ್ಲಾಸ್ಟಿಕ್ ಕವರು ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಬೇಕು, ಬಾಯಿ ನೆಲಕ್ಕೆ ತಾಗಿದರೆ ಮತ್ತೆ ತೊಳೆಯಬೇಕು. ಮೂರು ದಿನ ನಿಂತ ನೀರನ್ನು ಪೂರ್ತಿ ಹೊರಗೆ ಬಿಟ್ಟು, ಪೌಡರ್ ಕಲಸಿದ ನೀರು ತುಂಬಿ, ಒಂದೊಂದು ನಲ್ಲಿಯಲ್ಲೂ ಅದನ್ನು ಹರಿಸಿ, ರಾತ್ರಿಯೆಲ್ಲ ಹಾಗೇ ಇಟ್ಟು, ಬೆಳಿಗ್ಗೆ ವಾಸನೆ ಹೋಗುವವರೆಗೆ ತೊಳೆದು ಹೊಸ ನೀರು ತುಂಬಬೇಕು. ಇಷ್ಟಾದರೂ ಗಾಡಿ ಹೊರಡುವಂತಿರಲಿಲ್ಲ. ಹೊರಡುವ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಆತ ಸ್ಟೀಲ್ ಲೋಟ ಹಿಡಿದು ಬರುತ್ತಿದ್ದ. ವ್ಯಾನಿನ ನಲ್ಲಿಯಿಂದ ಲೋಟದ ತುಂಬ ಹಿಡಿದು, ಮೂಗಿನ ಹತ್ತಿರ ಒಯ್ದು, ಕಣ್ಣು ಮುಚ್ಚಿ, ಆಮೇಲೆ ಪೂರ್ತಿ ಕುಡಿಯುತ್ತಿದ್ದ.

"ಕಣ್ಣ ನಂಬಬೇಡ ಕಣಯ್ಯ, ಮೂಗಿಗೆ ಕೇಳು," ಎಂದು ಡ್ರೈವರುಗಳಿಗೆಲ್ಲ ಪಾಠ ಹೇಳುತ್ತಿದ್ದ. ಆ ಕಣ್ಣು ಮುಚ್ಚುವ ನಾಟಕ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಆಯುಧಪೂಜೆಗೆ ಆತ ನೆಲಮಂಗಲದ ಮಗಳ ಮನೆಗೆ ಹೋದ. ಹಬ್ಬ ಮುಗಿದ ಮೇಲೆ ನನ್ನ ಗಾಡಿಯ ನೀರು ಚೆಲ್ಲಿ, ತೊಳೆದು, ಹೊಸದು ತುಂಬಿಸು ಎಂದು ನನಗೆ ಹೇಳಿಕಳಿಸಿದ್ದ. ಹಬ್ಬದ ದಿನ ಅರ್ಚಕರು ಡ್ಯಾಶ್‌ಬೋರ್ಡಿನ ಪುಟ್ಟ ದೇವರ ವಿಗ್ರಹಕ್ಕೆ ಹಾಲಿನ ಅಭಿಷೇಕ ಮಾಡಿ, ಆ ಹಾಲಿಗೇ ತುಳಸಿ ಹಾಕಿದ ತೀರ್ಥವನ್ನು ಒಂದು ತಂಬಿಗೆ ತುಂಬ ಕೊಟ್ಟರು. ಎಲ್ಲರೂ ತೆಗೆದುಕೊಂಡ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿಯಿತು. ನಾನು ಟ್ಯಾಂಕಿನ ಮುಚ್ಚಳ ತೆಗೆದು ಅದನ್ನು ಒಳಗೆ ಸುರಿದೆ. ಗಾಡಿಗೆ ಒಳ್ಳೆಯದಾಗಲಿ ಎಂಬ ಭಕ್ತಿ ಇದ್ದದ್ದು ನಿಜ. ಆತನ ಪೌಡರಿನ ಟ್ಯಾಂಕಿಗೆ ದೇವರ ನೀರು ಸೇರಿಸಿದೆ ಎಂಬ ಖುಷಿಯೂ ಅಷ್ಟೇ ನಿಜ.

ಆಮೇಲೆ ನೀರು ಚೆಲ್ಲಲು ಕೈ ಬರಲಿಲ್ಲ. ನಾಲ್ಕು ಜನ ತುಳಿದು ಓಡಾಡುವ ನೆಲಕ್ಕೆ ತೀರ್ಥ ಚೆಲ್ಲುವುದುಂಟೇ? ನಾಲ್ಕು ದಿನ ಗಾಡಿ ಬಿಸಿಲಿನಲ್ಲೇ ನಿಂತಿತ್ತು. ಆತ ಹಿಂದಿರುಗಿ, ತೊಳೆದು ತುಂಬಿಸಿದೆಯಾ ಎಂದು ಇನ್ನೊಬ್ಬ ಡ್ರೈವರನ ಮೂಲಕ ಕೇಳಿಸಿದ. ತುಂಬಿಸಿದೆ ಎಂದೆ. ಸಂಜೆ ನಾಲ್ಕಕ್ಕೆ ಲೋಟ ತಂದ. ಮೂಗಿನ ಹತ್ತಿರ ಒಯ್ದ, ಕಣ್ಣು ಮುಚ್ಚಿದ, ಕುಡಿದ. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಸುಳ್ಳು ಸಿಕ್ಕಿಬೀಳಲಿಲ್ಲವಲ್ಲ ಎಂದು ಸಮಾಧಾನವಾಯಿತು.

ಬೆಳಿಗ್ಗೆ ಶಿವಗಂಗೆಗೆ ಹೋಗಿ, ಅಲ್ಲಿಂದ ಮುಂದೆ ಪ್ರವಾಸ ಹೊರಡಲು ಒಂದು ಕುಟುಂಬ ಬಂತು. ಅಜ್ಜ ಅಜ್ಜಿ, ಮಗ ಸೊಸೆ, ಐದಾರು ತಿಂಗಳ ಕೂಸು. ಸೊಸೆ ಬಾಟಲಿಗೆ ಹಾಲಿನ ಪುಡಿ ಅಳೆದು ಹಾಕುತ್ತ, ಟ್ಯಾಂಕಿನ ನೀರು ಮಗುವಿಗೆ ಆಗುತ್ತದೆಯೇ ಎಂದು ನನ್ನನ್ನು ಕೇಳಿದಳು. ಏನೂ ಆಗಲ್ಲಮ್ಮ ಎಂದೆ. ಆಕೆ ನೀರು ಬೆಚ್ಚಗೆ ಮಾಡಿ, ಕಲಸಿ, ಬಾಟಲಿ ಅಲುಗಾಡಿಸುತ್ತಿದ್ದಳು.

ಅಷ್ಟರಲ್ಲಿ ಗೇಟಿನ ಬಳಿ ಆಟೊ ನಿಂತಿತು. ನೀರುಗಂಟಿಯನ್ನು ಆತನ ಹೆಂಡತಿ ತೋಳು ಹಿಡಿದು ಇಳಿಸಿದರು. ರಾತ್ರಿಯಿಂದ ವಾಂತಿ ಭೇದಿಯಂತೆ, ಫೋನ್ ಮಾಡಿದರೆ ನಾನು ಎತ್ತಲಿಲ್ಲವಂತೆ. ಆತನ ಹೆಸರು ಕಂಡರೆ ನಾನು ಯಾವತ್ತೂ ಎತ್ತುತ್ತಿರಲಿಲ್ಲ. ಕಣ್ಣು ಗುಳಿ ಬಿದ್ದಿತ್ತು, ಪಂಚೆ ಒದ್ದೆಯಾಗಿತ್ತು. ನಡೆಯಲಾಗದೆ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತು, ಆ ತಾಯಿಯ ಕಡೆ ಕೈ ಚಾಚಿದ.

"ಆ ಬಾಟ್ಲಿ ಇಲ್ಲಿ ಕೊಡವ್ವ. ಮಗೀಗೆ ಕುಡಿಸ್ಬೇಡ."

ಆಮೇಲೆ ಬಗ್ಗಿ ಕೆಳಗಿನ ವಾಲ್ವು ತಿರುಗಿಸಿದ. ಹುಳಿ ಮೊಸರಿನಂಥ ನಾತ ಎದ್ದಿತು. ನೀರಿನ ಜೊತೆ ಕೊಳೆತ ತುಳಸಿ ಎಲೆಗಳು ನನ್ನ ಕಾಲ ಬಳಿಗೆ ಹರಿದು ಬಂದವು. ಆತ ಎಲೆಗಳನ್ನು ನೋಡಿದ, ನನ್ನನ್ನು ನೋಡಿದ. ನನಗೆ ಆಗ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾಲೀಕರು ಓಡಿ ಬಂದು, ಇದು ಯಾರ ಕೆಲಸ ಎಂದು ಗದರಿದರು. ಆತ, ತಾನೇ ಸರಿಯಾಗಿ ನೋಡಲಿಲ್ಲ ಎಂದುಬಿಟ್ಟ. ನನ್ನ ಹೆಸರು ಎತ್ತಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಡ್ರಿಪ್ ಹಾಕಿಕೊಂಡು ಮಲಗಿದ್ದ. ಅಷ್ಟು ವರ್ಷಗಳಲ್ಲಿ ನಾನು ಮೊದಲ ಸಲ ಆತನ ಜೊತೆ ಆಡಿದ ಮಾತು, ನೀರಿನ ವಾಸನೆ ಗೊತ್ತಾಗಲಿಲ್ಲವೇ ಎಂಬುದು.

"ಮೂಗು ಸತ್ತು ಎಷ್ಟೋ ವರ್ಷ ಆಯ್ತು. ಪೌಡರು ತಿಂದ್ಬಿಡ್ತು. ಅದಕ್ಕೇ ಕುಡಿಯೋದು ನಾನು."

ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಗೋಡೆಯ ಕಡೆ ಹೊರಳಿದ.

"ಹೇಳಿದ್ರೆ ನಿನ್ನ ತೆಗೀತಾರೆ. ಹೊಸಬ ಬರ್ತಾನೆ. ಅವ್ನಿಗೆ ಮೊದ್ಲಿಂದ ಕಲಿಸ್ಬೇಕು, ನಂಗೆ ಅಷ್ಟು ಆಯಸ್ಸಿಲ್ಲ. ನೀನಾದ್ರೆ ಸಾಯೋವರ್ಗೂ ಮರೆಯಲ್ಲ. ಹೋಗು, ಟ್ಯಾಂಕ್ ತೊಳಿ."

ಕ್ಷಮಿಸಿದೆ ಎನ್ನುವ ಒಂದು ಮಾತು ಆತನ ಬಾಯಿಂದ ಬರಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಆಮೇಲೆ ಎರಡು ವರ್ಷ ಬದುಕಿದ್ದ, ಎರಡು ವರ್ಷವೂ ನನ್ನನ್ನು ಗೋಳು ಹುಯ್ದುಕೊಂಡ. ಆದರೆ ಮೊದಲ ಲೋಟವನ್ನು ನಾನು ಮತ್ತೆ ಆತನಿಗೆ ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ನಾನೇ ಕುಡಿಯುತ್ತಿದ್ದೆ, ಆತ ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದ. ಆ ಕೂಸು ಈಗ ಅಂಗನವಾಡಿಗೆ ಹೋಗುತ್ತಿರಬಹುದು. ಅದನ್ನು ನೆನೆದಾಗಲೆಲ್ಲ ಇಂದಿಗೂ ಎದ್ದು ಹೋಗಿ ಟ್ಯಾಂಕಿನ ಮುಚ್ಚಳ ಮತ್ತೊಮ್ಮೆ ನೋಡಿ ಬರುತ್ತೇನೆ.

ಕಳೆದ ಬೇಸಿಗೆಯಲ್ಲಿ ಆತನಿಗೆ ಮೇಲುಸಿರು ಹತ್ತಿದೆ ಎಂದು ಹೇಳಿಕಳಿಸಿದರು. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ನೆಂಟರು ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು. ನನ್ನ ಸರದಿ ಬಂತು. ಆತನ ಹೆಂಡತಿ ಚೊಂಬು, ಚಮಚ ಎರಡನ್ನೂ ನನ್ನ ಕೈಗೆ ಕೊಟ್ಟರು.

ಚೊಂಬಿನಲ್ಲಿ ತುಳಸಿ ತೇಲುತ್ತಿತ್ತು. ಬೆಳಿಗ್ಗೆಯಿಂದ ಅದೇ ನೀರೋ ಏನೋ. ಮೂಗಿನ ಹತ್ತಿರ ಒಯ್ದೆ. ಆಮೇಲೆ ಒಂದು ಗುಟುಕು ನಾನೇ ಕುಡಿದೆ. ಸಾಯುವವರ ನೀರನ್ನು ಎಂಜಲು ಮಾಡಿದನಲ್ಲ ಎಂದು ಹಿಂದೆ ಯಾರೋ ಗೊಣಗಿದರು. ಆತನ ಹೆಂಡತಿ ಸುಮ್ಮನಿರಿ ಎಂದು ಅವರಿಗೆ ಕೈಸನ್ನೆ ಮಾಡಿದರು.

ನೀರು ಚೆನ್ನಾಗಿತ್ತು. ಆಮೇಲೆ ಆತನ ಬಾಯಿಗೆ ಬಿಟ್ಟೆ.